ಮೊಂಡು ತುದಿಯ ಚಾಕು

ಚನ್ನಗಿರಿ
8 ಡಿಸೆಂಬರ್ 2024

ಪ್ರಿಯ ನಿಂಗರಾಜ,

ನಿನ್ನ ಕೆಮ್ಮು ಕಡಿಮೆಯಾಯಿತೇ? ದೀಪಾವಳಿಗೇ ಬರೆಯಬೇಕಿದ್ದ ಕಾಗದವಿದು. ಬರೆಯಲು ಕೂತು ‘ಹೊನ್ನಾಳಿ’ ಎಂದು ವಿಳಾಸ ಹಾಕಿದ ಕೂಡಲೇ ಕೈ ನಿಂತುಬಿಡುತ್ತಿತ್ತು. ಬೈದುಕೋ, ಆದರೆ ಪೂರ್ತಿ ಓದು.

ಮಳೆಗಾಲದಲ್ಲಿ ನಮ್ಮ ಅಂಬಿಕಾಳನ್ನು ಹೊಳೆಯಿಂದ ಎತ್ತಿ ತಂದವನು ನೀನು. ತಂಗಿಯನ್ನು ನನ್ನ ಮುಂದೆ ಮಲಗಿಸಿ, ಸಾವಾದ ಕಡೆ ‘ಬರ್ತೀನಿ’ ಎನ್ನಬಾರದೆಂದು ಸುಮ್ಮನೆ ಹೊರಟುಹೋದೆ. ಹೋಗುವವರನ್ನು ನಾವೂ ಹಿಂದಕ್ಕೆ ಕರೆಯುವಂತಿಲ್ಲವಲ್ಲ. ಆಮೇಲೆ ನೀನು ಬರಲಿಲ್ಲ, ನಾನು ಕರೆಯಲಿಲ್ಲ. ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಓಡಾಡಿದ ನಾವು ಹೀಗೆ ಉಳಿದುಬಿಟ್ಟೆವು.

ಮೊನ್ನೆ ನಿನ್ನ ಹೆಂಡತಿ ರುದ್ರಾಣಿ ಫೋನಿನಲ್ಲಿ ಜಗಳಕ್ಕೇ ನಿಂತಿದ್ದಳು. “ನಿಮ್ಮ ಫ್ರೆಂಡಿಗೆ ನೀವಾದ್ರೂ ಬುದ್ಧಿ ಹೇಳ್ರಿ ಅಕ್ಕಾ. ಯಾರದೋ ಹೆಣ ಹುಡುಕಾಕೆ ಹೋಗಿ ತಾವೇ ಬಲೆಗೆ ಸಿಕ್ಕಂಡು, ಉಸಿರು ಕಟ್ಟಿ ಬಂದಾರೆ. ಪೊಲೀಸ್ನೋರು ಫೋನ್ ಮಾಡಿದ್ರೆ ಸಾಕು, ಮದುವೆಗೆ ಕರೆದಂಗೆ ಓಡ್ತಾರೆ. ಸೊಂಟಕ್ಕೆ ನೋಡಿದ್ರೆ ಅದೇ ಮುರುಕು ಕುಡುಗೋಲು!” ಎಂದಳು. ಹೋಗಬೇಡ ಎಂದು ನಿನಗೆ ಹೇಳುವ ಬಾಯಿ ನನಗಿಲ್ಲ. ದಡದಲ್ಲಿ ಕಾದು ಕೂತವಳು ನಾನು. ನೀನು ಬಾರದಿದ್ದರೆ ಏನಾಗುತ್ತಿತ್ತೆಂದು ನೆನೆಯಲೂ ಆಗದು. ಅದಕ್ಕೇ ಒಂದು ಗಟ್ಟಿ ಚಾಕು ಕೊಡೋಣವೆಂದುಕೊಂಡೆ.

ಇಲ್ಲಿ ಮರುಳಪ್ಪನ ಅಂಗಡಿಯಲ್ಲಿ ಕೇಳಿದೆ. “ಅಡಿಕೆ ಸುಲಿಯಾಕಾ, ತೆಂಗಿನಕಾಯಿಗಾ ಮೇಡಂ?” ಎಂದ. ನೀರೊಳಗೆ ಬಲೆ ಕೊಯ್ಯಲು ಎಂದೆ. “ಪಾಠ ಬಿಟ್ಟು ಮೀನು ಹಿಡಿಯಾಕೆ ಹೊಂಟ್ರೇನು?” ಎಂದು ನಕ್ಕ. ನಗಬೇಕೆಂದು ನಾನೂ ನಕ್ಕೆ.

ಕೊನೆಗೆ ಹಳೆಯ ವಿದ್ಯಾರ್ಥಿ ದುರುಗೇಶ್ ನೆನಪಾದ. ಕರಾವಳಿಯಲ್ಲಿ ಪ್ರವಾಸಿಗರಿಗೆ ಸಮುದ್ರದಲ್ಲಿ ಮುಳುಗಿ ಈಜಲು ಕಲಿಸುತ್ತಾನೆ. ಫೋನ್ ಮಾಡಿದೆ, ಚಾಕುಗಳ ಚಿತ್ರ ಕಳಿಸಿದ. ನಾನು ಚೂಪಾದದ್ದನ್ನು ಆರಿಸಿದ್ದೆ. “ಅದು ಬ್ಯಾಡ್ರಿ ಮೇಡಂ. ಕೆಸರು ನೀರಾಗೆ ಕಣ್ಣು ಕಾಣಲ್ಲ. ತಡಕಾಡುವಾಗ ಚೂಪು ತುದಿ ತಮಗೇ ಚುಚ್ಚತೈತೆ, ಇಲ್ಲಾ ಎತ್ತೋ ಮೈಗೆ” ಎಂದ. ಎತ್ತೋ ಮೈಗೆ ಎಂದಾಗ ಫೋನನ್ನು ಸ್ವಲ್ಪ ಹೊತ್ತು ಕಿವಿಯಿಂದ ದೂರ ಹಿಡಿದೆ. ಹೀಗಾಗಿ ಇದರ ತುದಿ ಮೊಂಡು. ಒಂದು ಅಂಚಿಗೆ ಹಗ್ಗ ಕೊಯ್ಯುವ ಗರಗಸದ ಹಲ್ಲು, ಇನ್ನೊಂದು ನಯ. ಬುಡದ ಕೊಕ್ಕೆಗೆ ನೈಲಾನ್ ಎಳೆ ಸಿಕ್ಕಿಸಿ ಎಳೆದರೆ ಸಾಕು. ಕಾಲಿನ ಮೀನಖಂಡದ ಒಳಮಗ್ಗುಲಿಗೆ ಕಟ್ಟಿಕೋ, ಹೊರಗೆ ಕಟ್ಟಿದರೆ ಅದೇ ಬಲೆಗೆ ಸಿಗುತ್ತದೆ. ಹಿಡಿ ಹಳದಿ, ಕೈಜಾರಿದರೂ ಕಾಣಲಿ ಎಂದು.

ನಮ್ಮ ಯಜಮಾನರು ಮಂಜುನಾಥ ಪೆಟ್ಟಿಗೆ ನೋಡಿ, “ಚಾಕು ಕೈಗೆ ಕೊಟ್ರೆ ಸ್ನೇಹ ಕಡಿದು ಹೋಗತೈತೆ ಕಣೇ. ನೆಲದ ಮೇಲಿಟ್ಟು ಎತ್ಕೊಳ್ಳಾಕೆ ಹೇಳು” ಎಂದರು. ಕೊರಿಯರ್‌ನವನಿಗೆ ಅದನ್ನು ಹೇಗೆ ಹೇಳಲಿ? ರುದ್ರಾಣಿಯೇ ಕೆಳಗಿಡಲಿ, ನೀನು ಎತ್ತಿಕೋ.

ನಾನು ಕಾಲೇಜಿಗೆ ಹೋಗುತ್ತೇನೆ, ಬರುತ್ತೇನೆ. ಕವಿತೆ ಓದುವಾಗ ಹೊಳೆಯ ಮಾತು ಬಂದರೆ ಆ ಪುಟ ಮಗುಚುತ್ತೇನೆ. ಎಷ್ಟೊಂದು ಕವಿತೆಗಳಲ್ಲಿ ಹೊಳೆಯಿದೆ ಎಂದು ಮೊದಲು ಗೊತ್ತಿರಲಿಲ್ಲ. ಅವ್ವ ಅಂಬಿಕಾಳ ಹೆಸರೆತ್ತುವುದಿಲ್ಲ. ಊರವರು ಮಾತ್ರ ತಾನಾಗಿ ಹಾರಿದಳು ಎನ್ನುತ್ತಾರೆ. ಕಾಲು ಜಾರಿ ಬಿದ್ದಳು ಎಂದು ನೀನು ಪೊಲೀಸರಿಗೆ ಹೇಳಿದ್ದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ.

ಪ್ರತಿ ಸಲವೂ ಹೋದಷ್ಟೇ ಉಸಿರಿನೊಂದಿಗೆ ಮೇಲೆ ಬಾ. ನೂರು ಕಾಲ ಬಾಳು.

ನಿನ್ನ,
ಪುಷ್ಪಾವತಿ

ಮರೆತದ್ದಲ್ಲ, ಬರೆಯಲಾರದೆ ಉಳಿಸಿದ್ದು: ರುದ್ರಾಣಿ ಫೋನಿಡುವ ಮೊದಲು ಬಾಯಿ ಜಾರಿ ಇನ್ನೊಂದು ಮಾತು ಹೇಳಿದಳು. “ನಿಮ್ಮ ತಂಗಿ ಕೈಯಿಂದ ಬಲೆ ಬಿಡಿಸಾಕೇ ಆಗಲಿಲ್ಲಂತೆ ಅಕ್ಕಾ, ಅದಕ್ಕೇ ಅಷ್ಟು ಹೊತ್ತಾತಂತೆ.” ಅವಳನ್ನು ಬೈಯಬೇಡ. ಅಂದಿನಿಂದ ನನಗೆ ಇದೊಂದೇ ಚಿಂತೆ. ಅಂಬಿಕಾ ಸಾಯಲೆಂದೇ ಹೋದಳೆಂದು ನನಗೆ ಗೊತ್ತು ನಿಂಗರಾಜ. ಚಪ್ಪಲಿ ಬಿಟ್ಟು, ಸರ ಬಿಚ್ಚಿಟ್ಟು ಹೋಗಿದ್ದಳು. ಆದರೆ ಅಲ್ಲಿ ಕೆಳಗೆ ಅವಳ ಕೈ ಬಲೆಗೆ ಸಿಕ್ಕಿತ್ತೋ, ಇಲ್ಲಾ ಬದುಕಬೇಕೆನಿಸಿ ಅವಳೇ ಬಲೆಯನ್ನು ಹಿಡಿದಿದ್ದಳೋ? ಮುಟ್ಟಿ ನೋಡಿದವನು ನೀನೊಬ್ಬನೇ.