ಬಲ್ಲೆ ಎಂದವರು ಒಬ್ಬರೇ

ಪ್ರೀತಿಯ ಟೈಪಿಂಗ್ ಅಕ್ಕನಿಗೆ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರವನ್ನು ನನ್ನ ಕಚೇರಿಯವರು ಬರೆದುಕೊಟ್ಟಿಲ್ಲ. ಈಚೆಗೆ ನನ್ನ ಹೆಸರಲ್ಲಿ ಹೋಗುವ ಕಾಗದಗಳನ್ನು ನಾಲ್ಕು ಜನ ತಿದ್ದುತ್ತಾರೆ. ಕೊನೆಗೆ ಅದರಲ್ಲಿ ನನ್ನದು ಅಂತ ಉಳಿಯುವುದು ಸಹಿ ಮಾತ್ರ. ಇದರಲ್ಲಿರುವ ಗೀಚು, ಕಾಟು, ಒತ್ತು ತಪ್ಪಿದ ಅಕ್ಷರ ಎಲ್ಲ ನನ್ನವೇ. ಹನ್ನೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಬಯ್ಯುವುದಿದ್ದರೆ ಪೂರ್ತಿ ಓದಿ ಬಯ್ಯಿರಿ.

ಕಂಪನಿ ಮಾರಿ ನಾನು ದಾನಿಯಾದದ್ದು ನಿಮಗೆ ಗೊತ್ತೇ ಇದೆ. ದಾನಿಯ ಬಾಗಿಲಲ್ಲಿ ನೆಂಟರು ಹೇಗೆ ಮೊಳೆಯುತ್ತಾರೆ ಅಂತ ಗೊತ್ತಿರಲಾರದು. ಅಜ್ಜಿಯ ತಂಗಿಯ ಸೊಸೆಯ ಅಣ್ಣ ಕೂಡ ನನ್ನನ್ನು ಎತ್ತಿ ಆಡಿಸಿದ್ದನಂತೆ! ಅವರಿಂದ ತಪ್ಪಿಸಿಕೊಳ್ಳಲು ಟ್ರಸ್ಟಿನ ಅರ್ಜಿಯಲ್ಲಿ ಒಂದು ಪ್ರಶ್ನೆ ಸೇರಿಸಿದೆ: 'ಸ್ಥಾಪಕರನ್ನು ನೀವು ಖುದ್ದಾಗಿ ಬಲ್ಲಿರಾ?' ಹೌದು ಎಂದವರ ಅರ್ಜಿಯನ್ನು ಮನುಷ್ಯರು ಓದುವುದೇ ಇಲ್ಲ. ಕಂಪ್ಯೂಟರೇ ಪಕ್ಕಕ್ಕೆ ಸರಿಸಿ, ವಿಷಾದದ ಎರಡು ಸಾಲು ಕಳಿಸುತ್ತದೆ. ನಿಯಮವನ್ನೇನೂ ಮುಚ್ಚಿಟ್ಟಿರಲಿಲ್ಲ, ಸಣ್ಣ ಅಕ್ಷರದಲ್ಲಿ ಕೆಳಗೇ ಹಾಕಿಸಿದ್ದೆ. ಎಂಥಾ ಬುದ್ಧಿವಂತ ನಾನು ಅಂತ ಬೀಗಿದ್ದೂ ಉಂಟು.

ಕಳೆದ ವಾರ ಒಂದು ಸಭೆಯಲ್ಲಿ ಜಂಬ ಕೊಚ್ಚಲು ಅಂಕಿ ಬೇಕಾಗಿತ್ತು. ಮೂರು ವರ್ಷದಲ್ಲಿ ಈ ಪ್ರಶ್ನೆ ಎಷ್ಟು ಜನ ಪರಿಚಯಸ್ಥರನ್ನು ತಡೆದಿದೆ, ಅವರ ಅರ್ಜಿಗಳನ್ನೆಲ್ಲ ತನ್ನಿ ಅಂದೆ. ಅರ್ಜಿ ನೋಡಿಕೊಳ್ಳುವಾಕೆ ಬಂದಳು.

"ಒಂದೇ ಇದೆ ಸರ್."

"ಒಂದೇ ಕಟ್ಟಾ? ಪರವಾಗಿಲ್ವೇ!"

"ಕಟ್ಟಲ್ಲ ಸರ್. ಒಂದೇ ಅರ್ಜಿ."

ನಲವತ್ತೊಂದು ಸಾವಿರ ಅರ್ಜಿಗಳಲ್ಲಿ ಒಂದು. ಉಳಿದವರಾರೂ ನನ್ನನ್ನು ಅರಿಯರು. ಚಿಕ್ಕಪ್ಪನ ಮಗನೂ ಅರಿಯ. ಒಂದೇ ಕಂಬಳಿಗೆ ಎಳೆದಾಡಿ ಬೆಳೆದವರು ನಾವು. ಅವನು 'ಇಲ್ಲ' ಅಂತ ಗುರುತು ಹಾಕಿ ತನ್ನ ಶಾಲೆಗೆ ಪ್ರಯೋಗಾಲಯ ಕಟ್ಟಿಸಿಕೊಂಡ. ಉದ್ಘಾಟನೆಯ ದಿನ ಸುತ್ತ ನನ್ನ ಸಿಬ್ಬಂದಿ ಇದ್ದರಲ್ಲ, ಕೈಕುಲುಕಿ, "ತಮ್ಮನ್ನ ಕಂಡಿದ್ದೇ ನಮ್ಮ ಭಾಗ್ಯ ಸರ್" ಅಂದ. ನಾನೂ ಬಿಡಲಿಲ್ಲ, "ನಿಮ್ಮ ಊರು ಬಹಳ ಚೆನ್ನಾಗಿದೆ" ಅಂದೆ. ನಾನು ಹುಟ್ಟಿದ್ದೂ ಅಲ್ಲೇ. ಕಾರಿನಲ್ಲಿ ವಾಪಸು ಬರುತ್ತ ಒಬ್ಬನೇ ನಕ್ಕಿದ್ದೆ. ಈಗ ನೆನೆದರೆ ನಗು ಬರುವುದಿಲ್ಲ.

ಆ ಒಂದು ಅರ್ಜಿ ನಿಮ್ಮದು ಅಕ್ಕ. ಟೈಪಿಂಗ್ ಕ್ಲಾಸು ಮುಚ್ಚಿ, ಅದೇ ಮನೆಯಲ್ಲಿ ಕಣ್ಣು ಕಾಣದ ಮಕ್ಕಳಿಗೆ ಬ್ರೈಲ್ ಯಂತ್ರ ಕಲಿಸುತ್ತಿದ್ದೀರಂತೆ. ಹನ್ನೊಂದರಲ್ಲಿ ಏಳು ಯಂತ್ರ ಕೆಟ್ಟು ಕೂತಿವೆ; ಕೀಲಿ ಒತ್ತಿದರೆ ಕಾಗದದ ಮೇಲೆ ಚುಕ್ಕೆ ಏಳುವುದಿಲ್ಲ; ಇದ್ದೊಬ್ಬ ರಿಪೇರಿಯವನು ಅಂಗಡಿ ಮುಚ್ಚಿದ್ದಾನೆ. 'ಬೇಕಾದ ಮೊತ್ತ' ಎಂಬಲ್ಲಿ ಸೊನ್ನೆ ಹಾಕಿದ್ದೀರಿ. 'ಹಣ ಬೇಡ, ಕೈ ಪಳಗಿದ ಒಬ್ಬ ರಿಪೇರಿಯವನನ್ನು ಕಳಿಸಿ.' ಆಮೇಲೆ ಆ ಪ್ರಶ್ನೆಗೆ ಉತ್ತರ: 'ಬಲ್ಲೆ. ನಾಲ್ಕು ವರ್ಷ ನಮ್ಮ ಹಿಂದಿನ ಕೋಣೆಯಲ್ಲಿದ್ದ. ಕೈ ಒಳ್ಳೆಯದು, ಬಾಯಿ ಸ್ವಲ್ಪ ಜಾಸ್ತಿ. ಊಟಕ್ಕೆ ಕರೆದರೆ ಆಗಿದೆ ಅಂತ ಸುಳ್ಳು ಹೇಳುತ್ತಾನೆ.' ಪರರ ಕಾಗದದಲ್ಲಿ ಅಲ್ಪವಿರಾಮ ತಪ್ಪಿದರೂ ಹಿಡಿಯುತ್ತಿದ್ದ ನೀವು ಕೆಳಗಿನ ಸಣ್ಣ ಅಕ್ಷರ ಓದದೆ ಬಿಟ್ಟಿರಲಾರಿರಿ. ಓದಿಯೂ ಬರೆದಿರಿ.

ನಾನೇನು ಮಾಡಿದೆ? ನನ್ನ ಕತೆ ಕೇಳಲು ಬಂದವರಿಗೆಲ್ಲ, ಒಂದು ಕಾರ್ ಷೆಡ್ಡಿನಲ್ಲಿ ಕಂಪನಿ ಶುರು ಮಾಡಿದೆ ಅಂದೆ. ಪತ್ರಿಕೆಯವರು ಅಂಥದ್ದೇ ಬಯಸುತ್ತಿದ್ದರು. ಕಾರೂ ಇರಲಿಲ್ಲ, ಷೆಡ್ಡೂ ಇರಲಿಲ್ಲ. ಇದ್ದದ್ದು ನಿಮ್ಮ ಹಿಂದಿನ ಕೋಣೆ, ಹಗಲೆಲ್ಲ ಗೋಡೆಯಾಚೆ ಇಪ್ಪತ್ತು ಟೈಪಿಂಗ್ ಯಂತ್ರಗಳ ಟಕಟಕ. ಬಾಡಿಗೆ ಕೊಡಲಾಗದೆ ಅವುಗಳ ರಿಪೇರಿ ಮಾಡುತ್ತಿದ್ದೆ. ರಿಬ್ಬನ್ನಿನ ಮಸಿ ಮೊಣಕೈವರೆಗೆ ಹತ್ತಿರುತ್ತಿತ್ತು. "ಏ ಮಸಿಕೈ, ಊಟ ಆಯ್ತೇನೋ?" ಅಂತ ನೀವು ಕೂಗುವುದು, "ಆಯ್ತಕ್ಕ" ಅಂತ ನಾನು ಹೊಟ್ಟೆ ಬಿಗಿಹಿಡಿದು ಹೇಳುವುದು. ಐದು ನಿಮಿಷದಲ್ಲಿ ತಟ್ಟೆ ಬಂದೇ ಬರುತ್ತಿತ್ತು. ಆ ಷೆಡ್ಡಿನ ಕತೆಯನ್ನು ನೀವೂ ಓದಿರುತ್ತೀರಿ. ನನ್ನ ಪ್ರಶ್ನೆಗೆ ನನಗಿಂತ ಮೊದಲು 'ಇಲ್ಲ' ಅಂದವರು ಯಾರೂ ಇಲ್ಲ ಅಕ್ಕ. ಪಾಪ, ಚಿಕ್ಕಪ್ಪನ ಮಗನನ್ನು ಬಯ್ದು ಏನು ಬಂತು.

ಕಚೇರಿಯವರು, "ಇವರಿಗೊಂದು ವಿನಾಯಿತಿ ಕೊಡೋಣ ಸರ್, ಹೊಸ ಯಂತ್ರಾನೇ ಕೊಡಿಸೋಣ" ಅಂದರು. ಬೇಡ ಅಂದೆ. ನೀವು ಕೇಳಿದ್ದು ಅದನ್ನಲ್ಲ. ಒಂದು ಹಳೇ ಬ್ರೈಲ್ ಯಂತ್ರ ತರಿಸಿ ಬಿಚ್ಚಿದೆ. ಜೋಡಿಸಿದಾಗ ಮೂರು ತಿರುಪು ಉಳಿದವು. ಮತ್ತೆ ಬಿಚ್ಚಿದೆ. ಈಗ ಒಂದೇ ಉಳಿಯುತ್ತಿದೆ. ಇಷ್ಟು ದೊಡ್ಡ ಮನೆಯಲ್ಲಿ "ಅದು ಎಡಗಡೆದು ಕಣೋ ಪೆದ್ದ" ಅನ್ನುವವರು ಯಾರೂ ಇಲ್ಲ. ನಾನು ಏನು ಜೋಡಿಸಿದರೂ ಚಪ್ಪಾಳೆ ತಟ್ಟುತ್ತಾರೆ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಹಿಂದಿನ ಬಾಗಿಲಿಗೆ ಬರುತ್ತೇನೆ. ಫೋಟೋದವರು ಯಾರೂ ಜೊತೆಗಿರುವುದಿಲ್ಲ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಏಳೂ ಯಂತ್ರಗಳನ್ನು ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿಕೊಳ್ಳಿ. ಅಲ್ಲೇ ಕೂತು ಸರಿಮಾಡಿಟ್ಟು ಹೋಗುತ್ತೇನೆ. ಆದರೆ ಬಾಗಿಲು ತೆರೆದು, ಊಟ ಆಯ್ತೇನೋ ಅಂತ ಕೇಳಿದರೆ, ಈ ಸಲ ಆಗಿಲ್ಲ ಅನ್ನುತ್ತೇನೆ.

ನಿಮ್ಮ ಬೆರಳುಗಳಿಗೆ ನೋವು ಬಾರದಿರಲಿ. ನಿಮ್ಮ ಮಕ್ಕಳ ಚುಕ್ಕೆಗಳು ಒಂದೂ ತಪ್ಪದೆ ಏಳಲಿ.

ನೀವು ಬಲ್ಲ,
ಮಸಿಕೈ