ಬಾಗಿಲಿಗೆ ಕಟ್ಟಿದ ಬೇವು

೨೦ ಫೆಬ್ರವರಿ ೧೯೮೨, ಶನಿವಾರ. ಬೆಳಗ್ಗೆ ೬-೩೦

ಸಮಸ್ತ ನಾಗರಿಕ ಜಗತ್ತಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಮೂವತ್ತೊಂದು ವರ್ಷ ಕಾಂಪೌಂಡರಾಗಿ ಮಿಕ್ಸ್ಚರ್ ಕಲಕಿ ನಿವೃತ್ತನಾದ ಚಕ್ರಪಾಣಿ ಎಂಬ ನಾನು, ಇಂದಿನಿಂದ ಟೂತ್‌ಪೇಸ್ಟಿನೊಡನೆ ಸಕಲ ಸಂಬಂಧವನ್ನೂ ಕಡಿದುಕೊಂಡಿದ್ದೇನೆ. ಮಾತುಕತೆಗೆ ಅವಕಾಶವಿಲ್ಲ.

ಪಕ್ಕದ ಖಾಲಿ ಸೈಟಿನ ಬೇವಿನ ಮರದಿಂದ ಒಂದು ಕಡ್ಡಿ ಮುರಿದೆ. ಜಗಿದೆ. ತುದಿ ಕುಂಚವಾಯಿತು, ಮುಖ ಕೋತಿಯದಾಯಿತು. ಹಾಲು ತಂದ ಮುನಿಯಕ್ಕ ಗೇಟಿನಲ್ಲೇ ನಿಂತಳು.

"ಏನ್ ಸಾಮಿ, ಡಾಕುಟ್ರ ಜೊತೆ ಇದ್ದೋರು ಬೇವಿನ್ ಕಡ್ಡಿ ಕಚ್ತಾ ಕುಂತವ್ರೆ?"

"ಇದು ಸಂಶೋಧನೆ, ಮುನಿಯಕ್ಕ."

"ನಮ್ ಎಮ್ಮೆನೂ ದಿನಾ ಮಾಡ್ತದೆ ಬುಡಿ."

ಸಂಜೆ ಸೇರಿಸಿದ್ದು: ಇವತ್ತು ಇಡೀ ದಿನ ನನ್ನೊಡನೆ ಯಾರಾದರೂ ಆಡಿದ ಮಾತು ಇಷ್ಟೇ. ದಾಖಲಿಸಿಟ್ಟಿದ್ದೇನೆ.

೨೪ ಫೆಬ್ರವರಿ

ಸಂಶೋಧನೆ ಭರದಿಂದ ಸಾಗಿದೆ. ಸಂಶೋಧಕ ನಾನೇ, ರೋಗಿಯೂ ನಾನೇ. ಇಬ್ಬರ ನಡುವೆ ಸೌಹಾರ್ದವಿದೆ.

ಬೇವಿನೆಲೆ ಕುದಿಸಿದ ನೀರಿನಲ್ಲಿ ಮೂರು ದಿನ ಸ್ನಾನ — ಮೊಣಕೈ ತುರಿಕೆ ಅರ್ಧಕ್ಕರ್ಧ ಇಳಿದಿದೆ. ಒಣಗಿದ ಎಲೆ ಅಕ್ಕಿ ಡಬ್ಬಕ್ಕೆ ಹಾಕಿದೆ, ಹುಳು ಜಾಗ ಖಾಲಿ ಮಾಡಿವೆ. ಹಳೇ ಫಾರ್ಮಸಿ ಪುಸ್ತಕ ತೆಗೆದು ನೋಡಿದೆ. ಈ ಕಹಿಗೂ ಹೆಸರಿಟ್ಟಿದ್ದಾರೆ — ನಿಂಬಿನ್, ನಿಂಬಿಡಿನ್. ಅವಳಿ ಮಕ್ಕಳ ಹಾಗೆ. ಎಣ್ಣೆ ಹೊರಗೆ ಹಚ್ಚಲು ಮಾತ್ರ, ಹೊಟ್ಟೆಗೆ ಕೂಡದು. ಬಸುರಿಯರಿಗೆ ಬೇವಿನ ಔಷಧ ಯಾವುದೂ ಬೇಡ. ಎರಡಕ್ಕೂ ಕೆಂಪು ಗೆರೆ ಎಳೆದೆ.

ಇಷ್ಟೆಲ್ಲ ಯಾಕೆ ಎಂದು ಡೈರಿ ಕೇಳುವುದಿಲ್ಲ. ಒಳ್ಳೆಯ ಡೈರಿ.

೨೭ ಫೆಬ್ರವರಿ, ಶನಿವಾರ

ತೊಗಟೆಯ ಕಷಾಯ. ಎಂಟು ಔನ್ಸ್ ನೀರು ಎರಡು ಔನ್ಸಿಗೆ ಇಳಿಯಿತು. ಔನ್ಸ್ ಗ್ಲಾಸಿನಲ್ಲಿ ಅಳೆದು, ಕಣ್ಣು ಮುಚ್ಚಿ ಕುಡಿದೆ. ಕಹಿ ಅನ್ನುವ ಮಾತು ಇದಕ್ಕೆ ಸಾಲದು. ಅಂಗಾಲಿನವರೆಗೂ ಇಳಿಯಿತು.

ಬರೆದುಬಿಡುತ್ತೇನೆ. ಏಳು ವರ್ಷದ ಹಿಂದೆ ನಮ್ಮ ತಾಯಿಗೆ ಜ್ವರ. ತಂಗಿ ವಾರಿಜಾ ಇದೇ ಕಷಾಯ ಕಾಸಿ ತಂದಳು. ನಾನು ಅವಳ ಕೈಯಿಂದ ಲೋಟ ಕಿತ್ತುಕೊಂಡು, ಬಂದ ನೆಂಟರೆಲ್ಲರ ಎದುರು ಬಚ್ಚಲಿಗೆ ಸುರಿದೆ. "ಮರ ಕುದಿಸಿ ಕುಡಿಸೋಕೆ ಇದೇನು ಕಾಡಾ?" ಅಂದೆ. ನನ್ನ ಮಿಕ್ಸ್ಚರ್ ಕೊಟ್ಟೆ — ಶೀಷೆಗೆ ಡೋಸಿನ ಕಾಗದದ ಗುರುತು ಅಂಟಿಸಿ, ಬಹಳ ಠೀವಿಯಿಂದ. ಹನ್ನೆರಡನೆಯ ದಿನ ತಾಯಿ ಹೋದರು. ಎಪ್ಪತ್ತೆಂಟು ವಯಸ್ಸು. ಕಷಾಯ ಕುಡಿದಿದ್ದರೂ ಹೋಗುತ್ತಿದ್ದರೇನೋ. ಆದರೆ ವಾರಿಜಾ ಕೊಟ್ಟದ್ದನ್ನು ಕುಡಿದು ಹೋಗುತ್ತಿದ್ದರು.

ಅವಳಿರುವುದು ಜಯನಗರದಲ್ಲಿ. ಇಲ್ಲಿಂದ ಮೂರು ಮೈಲಿ. ಏಳು ವರ್ಷ.

ಇನ್‌ಲ್ಯಾಂಡ್ ಲೆಟರ್ ಬರೆದೆ. ಕ್ಷಮೆ ಎಂಬ ಪದ ಬರೆದು, ಹೊಡೆದು, "ಬೇವಿನ ವಿಷಯ ನೀನು ಹೇಳಿದ್ದರಲ್ಲಿ ಸ್ವಲ್ಪ ನಿಜವಿದೆ, ಬಂದರೆ ತೋರಿಸುತ್ತೇನೆ" ಎಂದು ಬರೆದೆ. ಕಾಂಪೌಂಡರ್ ಜಾತಿಯೇ ಹೀಗೆ, ಡೋಸ್ ಮೀರುವುದಿಲ್ಲ.

೮ ಮಾರ್ಚ್, ಸೋಮವಾರ

ಉತ್ತರ ಬಂತು! ಎರಡೇ ಸಾಲು. "ಅಣ್ಣ, ಅಮ್ಮಣ್ಣಿ ಇಲ್ಲೇ ಇದ್ದಾಳೆ, ಅವಳಿಗೀಗ ಐದು ತಿಂಗಳು. ೧೪ನೇ ತಾರೀಕು ಭಾನುವಾರ ಹನ್ನೊಂದಕ್ಕೆ ತಾಯಿ ಮಗಳು ಇಬ್ಬರೂ ಬರುತ್ತೇವೆ."

ಅಮ್ಮಣ್ಣಿಯನ್ನು ಕೊನೆಗೆ ನೋಡಿದಾಗ ಲಂಗ ಹಾಕುತ್ತಿದ್ದಳು.

ಒಂಬತ್ತು ಸಲ ಓದಿದೆ. ಹತ್ತನೆಯದು ಸಂಜೆಗೆ.

೧೨ ಮಾರ್ಚ್

ಕುರ್ಚಿ ಒರೆಸಿದೆ. ಲೋಟ ಮೂರಿಲ್ಲ, ಎರಡೇ. ನನಗೆ ಔನ್ಸ್ ಗ್ಲಾಸ್ ಸಾಕು.

ಚಿಂತೆಯೆಂದರೆ ಸೊಳ್ಳೆ. ಪುಟ್ಟೇನಹಳ್ಳಿ ಕೆರೆಯ ಸೊಳ್ಳೆಗಳು ನಮ್ಮ ಬಡಾವಣೆಯ ಮೂರನೇ ಫೇಸಿಗೆ ಹಗಲೇ ಬರುತ್ತವೆ, ಬಸ್ಸಿಗಿಂತ ಟೈಮಿಗೆ ಸರಿಯಾಗಿ. ಬಸುರಿ ಹುಡುಗಿಯನ್ನು ಕಚ್ಚಿಸಲೇ? ಎಲೆ ಸುಟ್ಟು ಹೊಗೆ ಹಾಕಿದೆ — ಸೊಳ್ಳೆಗೆ ಮೊದಲು ನಾನು ಹೊರಬಿದ್ದೆ. ಕೊನೆಗೆ ಉಪಾಯ ಹೊಳೆಯಿತು. ಎರಡು ದೊಡ್ಡ ಗೊಂಚಲು ಹಸಿ ಬೇವು ತಂದು ಬಾಗಿಲಿನ ಎರಡೂ ಪಕ್ಕ ಕಟ್ಟಿದೆ. ವಾರಿಜಾ ಬಂದೊಡನೆ ಕಣ್ಣಿಗೆ ಬೀಳುವುದೂ ಇದೇ. ಬಾಯಿ ಬಿಟ್ಟು ಹೇಳಬೇಕಾದ್ದನ್ನು ಮರವೇ ಹೇಳಲಿ.

೧೪ ಮಾರ್ಚ್, ಭಾನುವಾರ

೧೦-೫೦. ಅಡಿಗೆಮನೆಯಲ್ಲಿ ರವೆ ಹುರಿಯುತ್ತಿದ್ದೇನೆ. ಒಂದು ಕೈ ಸೌಟು, ಒಂದು ಕೈ ಪೆನ್ನು.

೧೨-೧೫. ಬಸ್ ತಡ.

೨-೦೦. ಉಪ್ಪಿಟ್ಟು ಗಟ್ಟಿಯಾಗಿದೆ. ಸುತ್ತಿಗೆ ಬೇಕು.

೫-೩೦. ಬರಲಿಲ್ಲ.

೧೭ ಮಾರ್ಚ್

ಬಡಾವಣೆಯಲ್ಲಿ ನನ್ನ ಗೌರವ ದಿಢೀರನೆ ಏರಿದೆ. ಕಾರಣ ತಿಳಿಯದು. ಎದುರುಮನೆ ಶಂಭುಲಿಂಗಪ್ಪನವರು ನನ್ನನ್ನು ಕಂಡು ರಸ್ತೆಯ ಆಚೆ ಬದಿಗೆ ಸರಿದು, ಚಪ್ಪಲಿ ಬಿಟ್ಟು, ನನ್ನ ಬಾಗಿಲಿನತ್ತ ಕೈಮುಗಿದರು. ಮುನಿಯಕ್ಕ ಒಳಗೆ ಬರುವುದೇ ಇಲ್ಲ, ನಾನು ಏಳುವ ಮೊದಲೇ ಕಾಂಪೌಂಡ್ ಗೋಡೆಯ ಮೇಲಿನ ಪಾತ್ರೆಗೆ ಹಾಲು ಸುರಿದು ಮಾಯ. ಸೋಮವಾರದಿಂದ ಗೋಡೆಯ ಮೇಲೆ ಒಂದು ಎಳನೀರು, ಬಾಳೆಎಲೆಯಲ್ಲಿ ಕಟ್ಟಿದ ಮೊಸರನ್ನ. ಮುನಿಯಕ್ಕನ ಕೃಪೆ ಇರಬೇಕು. ಒಗ್ಗರಣೆ ಇಲ್ಲ, ಉಪ್ಪೂ ಕಡಿಮೆ. ತಿಂದೆ.

ಎಲ್ಲರೂ ಗೌರವಿಸುತ್ತಾರೆ. ಯಾರೂ ಮಾತಾಡಿಸುವುದಿಲ್ಲ.

ವಾರಿಜಾ ಸರಿಯಾಗೇ ಮಾಡಿದಳು. ಏಳು ವರ್ಷದ ಹಿಂದೆ ನಾನು ಸುರಿದದ್ದನ್ನು ಅವಳು ಮೊನ್ನೆ ಸುರಿದಳು.

೧೯ ಮಾರ್ಚ್, ಶುಕ್ರವಾರ. ಬೆಳಗ್ಗೆ

ಗೇಟಿನಲ್ಲೇ ನಿಂತು ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು.

ಇವತ್ತು ಬೇಗ ಎದ್ದು ಗೇಟಿನ ಬಳಿ ಕಾದೆ. ಮುನಿಯಕ್ಕ ಹತ್ತು ಮಾರು ದೂರದಲ್ಲೇ ನಿಂತಳು.

"ಸಾಮಿ! ಎದ್ದು ಓಡಾಡ್ತಾ ಇದ್ದೀರಾ? ನೀರು ಹಾಕ್ಕೊಂಡ್ರಾ?"

"ದಿನಾ ಸ್ನಾನ ಮಾಡ್ತೀನಲ್ಲ, ಯಾಕೆ?"

"ಅಯ್ಯೋ, ಅಮ್ಮ ಆದಾಗ ದಿನಾ ನೀರು ಹಾಕ್ಕಂತಾರಾ? ಓದ್ದೋರು ಅಂದ್ರೆ ಹಿಂಗೇ!"

"ಯಾರಿಗೆ ಅಮ್ಮ?"

"ನಿಮ್ಗೇ ಅಲ್ವಾ? ಬಾಗ್ಲಿಗೆ ಬೇವು ಕಟ್ಟವ್ರೆ!"

ತಿರುಗಿ ನೋಡಿದೆ. ಎರಡು ಗೊಂಚಲು. ಮಾವಿನೆಲೆ ಇಲ್ಲ, ಬರೀ ಬೇವು. ಅಮ್ಮ ಬಂದು ಮೈಮೇಲೆ ಗುಳ್ಳೆ ಎದ್ದ ಮನೆಗೆ ಕಟ್ಟುವ ಹಾಗೇ. ಯಾವ ಮಗುವಿಗೂ ಗೊತ್ತಿರುವ ಗುರುತು. ಈ ಮರದ ಗುಣವನ್ನೆಲ್ಲ ಪಟ್ಟಿ ಮಾಡಿದ ಮಹಾ ವಿದ್ವಾಂಸನಿಗೆ ಅದೊಂದು ನೆನಪಾಗಲಿಲ್ಲ.

"ಭಾನುವಾರ ಇಬ್ರು ಬಂದಿದ್ರು ಸಾಮಿ. ಒಬ್ರು ಬಸ್ರಿ. ಎಮ್ಮೆ ಮೇಯಿಸ್ಕಂಡು ಈ ಕಡೆ ಬಂದಿದ್ದೆ, ನಾನೇ ತಡದೆ. ಒಳಕ್ಕೆ ಹೋಗ್ಬೇಡಿ, ಜೋರಾಗಿ ಕೂಗ್ಲೂಬೇಡಿ, ಅಮ್ಮ ಐತೆ ಅಂದೆ. ಆ ದೊಡ್ಡಮ್ಮ ಗೇಟ್ ಹಿಡ್ಕಂಡು ಬಾಳ ಹೊತ್ತು ನಿಂತಿದ್ರು. 'ಒಳಗೆ ನೋಡ್ಕೊಳ್ಳೋರು ಯಾರವ್ರೆ' ಅಂದ್ರು. ಯಾರೂ ಇಲ್ಲ ಅಂದೆ. ಆಮೇಲೆ ದಿನಾ ಫಸ್ಟ್ ಬಸ್ಸಿಗೆ ಅವರೊಬ್ರೇ ಬರ್ತಿದ್ರಲ್ಲ, ಎಳ್ನೀರು, ಮೊಸ್ರನ್ನ ಹಿಡ್ಕಂಡು."

"ನೀನಲ್ವಾ ಇಟ್ಟಿದ್ದು?"

"ನಾನ್ಯಾಕೆ ಇಡ್ಲಿ? ನಿಮ್ ತಂಗಿ."

ಒಗ್ಗರಣೆ ಇಲ್ಲದ್ದು ಅದಕ್ಕೆ. ಅಮ್ಮ ಇರುವ ಮನೆಗೆ ಒಗ್ಗರಣೆ ಕೂಡದು. ಮೂರು ಮೈಲಿ ಬಂದು, ಗೋಡೆಯ ಮೇಲಿಟ್ಟು, ಹತ್ತು ಹೆಜ್ಜೆ ಆಚೆ ನಾನಿದ್ದರೂ ಕೂಗದೆ ಹೋಗಿದ್ದಾಳೆ. ನಾನು ಒಳಗೆ ಕೂತು ಅವಳ ಮೇಲೆ ಮುನಿಸಿಕೊಂಡು, ಅವಳ ಅನ್ನವನ್ನೇ ತಿನ್ನುತ್ತಿದ್ದೆ. ಉಪ್ಪು ಕಡಿಮೆ ಎಂದು ಬೇರೆ ಬರೆದಿದ್ದೇನೆ.

ಬೇವು ಕಿತ್ತೆ. ಇನ್ನು ಅವಳು ಬರುವವರೆಗೆ ಗೇಟಿನಲ್ಲೇ.

ಸಂಜೆ

ಬರಲಿಲ್ಲ.

೨೧ ಮಾರ್ಚ್, ಭಾನುವಾರ. ೯-೪೦

ನಿನ್ನೆಯೂ ಇಲ್ಲ. ಇವತ್ತು ಮುನಿಯಕ್ಕನಿಗೆ ನೆನಪಾಯಿತು — ಗುರುವಾರ ವಾರಿಜಾ ಹೇಳಿ ಹೋಗಿದ್ದಳಂತೆ, "ಅಳಿಯ ಬೈತಾನೆ, ಮನೇಲಿ ಬಸುರಿ ಇಟ್ಕೊಂಡು ಅಮ್ಮ ಆದೋರ ಮನೆಗೆ ಹೋಗ್ತೀರಾ ಅಂತ. ಇನ್ನು ಬರೋದು ಕಷ್ಟ. ಆದ್ರೆ ನೋಡ್ತೀನಿ."

ಹಾಗಾದರೆ ನಾನೇ ಹೋಗುತ್ತೇನೆ. ನನಗೆ ನಾನೇ ಫಿಟ್‌ನೆಸ್ ಸರ್ಟಿಫಿಕೇಟ್ ಬರೆದುಕೊಂಡಿದ್ದೇನೆ, ಮೊಹರು ಇಲ್ಲ. ಬಾಗಿಲು ತೆಗೆಯುತ್ತಾಳೋ, ಅಳಿಯ ತೆಗೆಯುತ್ತಾನೋ, ಯಾರೂ ತೆಗೆಯುವುದಿಲ್ಲವೋ. ಹೊಡೆದು ಹಾಕಿದ ಪದ ಈ ಸಲ ಬಾಯಲ್ಲೇ ಹೇಳಬೇಕು.

ಭಯವೊಂದೇ. ನಾನು ಅತ್ತ ಹೋಗುವಾಗ ಅವಳು ಇತ್ತ ಬಂದರೆ? ಅದಕ್ಕೇ ಈ ಡೈರಿಯನ್ನು ಜಗಲಿಯ ಕುರ್ಚಿಯ ಮೇಲೆ ತೆರೆದಿಟ್ಟು ಹೋಗುತ್ತಿದ್ದೇನೆ. ಇದುವರೆಗೆ ಇದಕ್ಕೆ ಓದುಗರಿರಲಿಲ್ಲ. ಇವತ್ತು ಒಬ್ಬರು ಬೇಕಾಗಿದ್ದಾರೆ. ಶಂಭುಲಿಂಗಪ್ಪನವರೇ, ಮುನಿಯಕ್ಕನಿಗೆ ಓದಿ ಹೇಳುವ ಪುಣ್ಯಾತ್ಮರೇ, ಯಾರಾದರೂ ಸರಿ — ಎಳನೀರು ಹಿಡಿದ ಹೆಂಗಸು ಗೇಟಿನಲ್ಲಿ ನಿಂತರೆ, ಇಲ್ಲಿ ಅಮ್ಮ ಆಗಿಲ್ಲ ಎಂದು ಹೇಳಿ, ಕೂರಿಸಿ. ಬೀಗದ ಕೈ ಹೂಕುಂಡದ ಕೆಳಗಿದೆ. ಒಳಗೆ ಸ್ಟೋವಿನ ಮೇಲೆ ಒಂದು ಪಾತ್ರೆ ಕಷಾಯ ಇದೆ, ಅವಳು ಮಾಡುವ ರೀತಿಯಲ್ಲೇ ಕಾಸಿದ್ದೇನೆ, ತೋರಿಸಬೇಕು. ಅಮ್ಮಣ್ಣಿ ಜೊತೆಗಿದ್ದರೆ ಅವಳಿಗೆ ಕೊಡಬೇಡಿ. ಬಸ್ ಸದ್ದು ಕೇಳುತ್ತಿದೆ. ಒಂದೇ ಒಂದು ಉಪಕಾರ — ಪಾತ್ರೆ ಬೇಕಾಯಿತೆಂದು, ತಣ್ಣಗಾಯಿತೆಂದು, ಯಾರೂ ಅದನ್ನು ದಯವಿಟ್ಟು ಬಚ್ಚಲಿಗೆ —