ಗಿರಣಿಯಲ್ಲಿದ್ದ ಠೇವಣಿ

18 ನವೆಂಬರ್ 1996, ಸೋಮವಾರ

ಕಲ್ಯಾಣದಲ್ಲಿ ಲೋಕಲ್ ರೈಲು ತಪ್ಪಿತು. ಮುಂದಿನದು ಹಿಡಿದು, ಡೊಂಬಿವಲಿಯಲ್ಲಿ ಇಳಿದು ಓಡಿಯೇ ಬ್ಯಾಂಕ್ ಸೇರಿದೆ. ನನ್ನ ಕೌಂಟರಿನ ಮುಂದೆ ಆಗಲೇ ಶರಣಬಸಮ್ಮ — ಬಿಜಾಪುರ ಕಡೆಯವಳು, ನಮ್ಮ ಬ್ಯಾಂಕಿನ ಸಾಲದಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಹತ್ತಿರ ಹಿಟ್ಟಿನ ಗಿರಣಿ ಇಟ್ಟವಳು. ಕಂತು ಕಟ್ಟುತ್ತ ಕೇಳಿದಳು:

"ಬಾಯಾರ, ಠೇವಣಿ ಇಟ್ಟೋರಿಗೆ ಹನ್ನೆರಡು ಪರ್ಸೆಂಟ್ ಕೊಡ್ತೀರಿ. ನನ್ನ ಕಡಿಂದ ಹದಿನೆಂಟು ತಗೋತೀರಿ. ನಡುವಿನ ಆರು ಯಾರಿಗ್ರಿ?"

"ನನ್ನ ಪಗಾರ, ಬಾಡಿಗೆ, ಸಾಲ ಕಟ್ಟದೆ ಹೋದವರ ನಷ್ಟ. ಉಳಿದರೆ ಬ್ಯಾಂಕಿನ ಲಾಭ."

"ಹಂಗಾದ್ರ ನಿಮ್ಮ ಊಟದಾಗ ನಂದೂ ಒಂದ್ ತುತ್ತು ಐತಿ ಅನ್ರಿ!"

ನಗು ಬಂತು. ಇಷ್ಟು ವರ್ಷ ನನಗೇ ಹಾಗೆ ಹೊಳೆದಿರಲಿಲ್ಲ.

19, ಮಂಗಳವಾರ

ನಮ್ಮ ಸಹಕಾರಿ ಬ್ಯಾಂಕ್ ಮುಳುಗಿತಂತೆ! ಯಾರು ಹಬ್ಬಿಸಿದರೋ… ಬೀದಿಯವರೆಗೂ ಸಾಲು. ಠಾಣೆ ಶಹರದ ಹೋಟೆಲಿನಿಂದ ನನ್ನ ಗಂಡ ಚೆನ್ನಯರ ಫೋನು. "ನಮ್ಮ ದುಡ್ಡು ಮೊದ್ಲು ತೆಗಿ ಮಾರಾಯ್ತಿ. ಒಳಗೇ ಇದ್ದಿ ಅಲ್ವಾ." ಹೊರಗೆ ನಿಂತವರ ಮುಖ ಕಾಣುತ್ತಿತ್ತು. ಮನಸ್ಸು ಬರಲಿಲ್ಲ.

ನಿವೃತ್ತ ಮೇಷ್ಟ್ರು ದೇವದಾಸ್ ಗಾಜು ಬಡಿದರು. "ಎಲ್ಲಿ ಉಂಟು ನಮ್ಮ ಹಣ?" ಮ್ಯಾನೇಜರ್ ಪುಂಡರೀಕಾಕ್ಷ ಸರ್ ನಗದಿಗಾಗಿ ಹೆಡ್ ಆಫೀಸಿಗೆ ಫೋನು ಮಾಡುತ್ತಿದ್ದರು. ನಾನೇ ಹೇಳಿಬಿಟ್ಟೆ — "ಎಲ್ಲವೂ ಇಲ್ಲಿಲ್ಲ. ಸಾಲ ಕೊಟ್ಟಿದ್ದೇವೆ. ಆ ಬಡ್ಡಿಯಿಂದಲೇ ನಿಮಗೆ ಬಡ್ಡಿ." ಗಲಾಟೆ ಇನ್ನೂ ಏರಿತು.

ಆಗ ಹಿಂದಿನಿಂದ ಶರಣಬಸಮ್ಮನ ದನಿ. ಸುದ್ದಿ ಕೇಳಿ ಬಂದಿದ್ದಳು.

"ನಿಮ್ಮ ರೊಕ್ಕ ನನ್ನ ಗಿರಣ್ಯಾಗ ಐತ್ರೀ. ಎಲ್ಲೂ ಓಡಿಲ್ಲ. ಬರ್ರಿ, ಕಣ್ಣಿಲೆ ನೋಡ್ರಿ!"

ದೇವದಾಸ್ ಹೊರಟೇಬಿಟ್ಟರು. ಹಿಂದೆ ನಾಲ್ಕೈದು ಜನ. ತಿರುಗಿ ಬಂದಾಗ ಮೇಷ್ಟ್ರ ಹುಬ್ಬಿನ ಮೇಲೆಲ್ಲ ಹಿಟ್ಟು. "ತಿರುಗ್ತಾ ಉಂಟು" ಎಂದರು, ಅಷ್ಟೇ. ಯಾರೋ ನಕ್ಕರು. ದೇವದಾಸ್ ವಿಡ್ರಾವಲ್ ಸ್ಲಿಪ್ ಹರಿದು ಮನೆಗೆ ಹೋದರು.

ಸಾಲು ಪೂರ್ತಿ ಕರಗಲಿಲ್ಲ. ಆದರೆ ಕೂಗು ನಿಂತಿತು. ಹೆಡ್ ಆಫೀಸಿನಿಂದ ನಗದು ಬರುವವರೆಗೂ ಜನ ಕಾದರು. ಕೇಳಿದವರಿಗೆಲ್ಲ ಕೊಟ್ಟೆವು. ಪುಂಡರೀಕಾಕ್ಷ ಸರ್ ಕುರ್ಚಿಯಲ್ಲಿ ಕುಸಿದು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

2 ಡಿಸೆಂಬರ್

ಹದಿಮೂರು ದಿನ ಬರೆಯಲು ಪುರಸೊತ್ತಿರಲಿಲ್ಲ. ಹಣ ತೆಗೆದುಕೊಂಡು ಹೋದವರಲ್ಲಿ ಅರ್ಧ ಮಂದಿ ತಂದು ಮತ್ತೆ ಇಟ್ಟರು.

ಸಂಜೆ ಗಿರಣಿಗೆ ಹೋದೆ. "ನಿಮ್ಮ ಉಪಕಾರ ಮರೆಯೋದಿಲ್ಲ" ಎಂದೆ. ಶರಣಬಸಮ್ಮ ಗಿರಣಿ ನಿಲ್ಲಿಸಿದಳು.

"ಯಾರ ಉಪಕಾರ ಬಾಯಾರ? ಆ ಮಂದಿ ರೊಕ್ಕ ಇಲ್ಲಂದ್ರ ನಾ ಇವತ್ತೂ ಇಟಗಿ ಹೊರ್ತಿದ್ದೆ. ಅವರು ಯಾರಂತ ಗೊತ್ತಿರಲಿಲ್ಲ. ಅವತ್ತು ನೋಡಿದೆ."

ಕೈಗೆ ಜೋಳದ ಹಿಟ್ಟಿನ ಚೀಲ ಕೊಟ್ಟಳು. ಬೇಡವೆಂದರೂ ಬಿಡಲಿಲ್ಲ.

ಹಣ ತೆಗೆಯುವ ಮಾತನ್ನು ಚೆನ್ನಯ ಮತ್ತೆ ಎತ್ತಲಿಲ್ಲ. ಈಗ ಒಳಗೆ ಆ ಹಿಟ್ಟಿನ ರೊಟ್ಟಿ ತಟ್ಟುತ್ತಿದ್ದಾರೆ — ಕರಾವಳಿಯ ಕೈಗೆ ಜೋಳ ಹೊಸದು, ಮೂರನೆಯದೂ ಮುರಿಯಿತಂತೆ. ಕೂಗುತ್ತಿದ್ದಾರೆ. ಹೋಗಿ ಒಂದಾದರೂ ನೆಟ್ಟಗೆ ತಟ್ಟಿಕೊಡಬೇಕು…